ಷಡ್ಡಕನ ಜ್ವರ, ನನ್ನ ರಜೆ

ಗೆಳೆಯರೇ, "ಷಡ್ಡಕ" ಎಂದರೆ ಏನೆಂದು ಆಸ್ಟ್ರೇಲಿಯಾದವರಿಗೆ ಯಾವತ್ತಾದರೂ ಬಿಡಿಸಿ ಹೇಳಿದ್ದೀರಾ? ನಾನು ಇವತ್ತು ಹೇಳಿದೆ.

ಕೆಲಸ ಇಲ್ಲಿನ ಒನ್-ನಾರ್ತ್ ಟೆಕ್ ಪಾರ್ಕಿನಲ್ಲಾದರೂ ನನ್ನ ಕಾಂಟ್ರ್ಯಾಕ್ಟ್ ಸಿಡ್ನಿ ಆಫೀಸಿನದು. ಅದರ ಪ್ರಕಾರ ಮನೆಯವರಿಗೆ ಹುಷಾರಿಲ್ಲದಿದ್ದರೂ ನಾನು ಸಿಕ್ ಲೀವ್ ಹಾಕಬಹುದು. ಬೆಳಿಗ್ಗೆ ನನ್ನ ಷಡ್ಡಕ ರಘುವಿಗೆ ಜ್ವರ ಬಂದಿತ್ತು. "ಕೋ-ಬ್ರದರ್‌ಗೆ ಹುಷಾರಿಲ್ಲ" ಎಂದು ಮೇಲ್ ಮಾಡಿ ಅವನನ್ನು ಕ್ಲಿನಿಕ್ಕಿಗೆ ಕರೆದೊಯ್ದೆ. ಅಲ್ಲಿಗೇ ಸಿಡ್ನಿಯಿಂದ ಎಚ್‌ಆರ್ ಮಿಶೆಲ್ ಫೋನ್ ಮಾಡಿದಳು.

"ಕೋ-ಬ್ರದರ್ ಅಂದ್ರೆ ಬ್ರದರ್ರಾ?"

"ಅಲ್ಲ, ಹೆಂಡತಿಯ ತಂಗಿಯ ಗಂಡ."

"ಸಾರಿ, ಆ ಸಂಬಂಧ ನಮ್ಮ ಲಿಸ್ಟಲ್ಲಿಲ್ಲ. ನಿಮ್ಮನೇಲೇ ವಾಸ ಇದ್ರೆ ಮಾತ್ರ ಓಕೆ."

"ಇದಾನೆ! ಎರಡು ವಾರಕ್ಕೆ ಅಂತ ಬಂದು ನಾಲ್ಕು ತಿಂಗಳಾಯ್ತು!"

"ಹಾಗಾದ್ರೆ 'ಈತ ನಮ್ಮ ಮನೆಯ ಸದಸ್ಯ' ಅಂತ ಬರೆದು ಸೈನ್ ಮಾಡಿ ಕಳಿಸಿ."

ಕಳಿಸಿದೆ, ರಜೆ ಸಿಕ್ಕಿತು. ಯಿಶುನ್‌ನ ಮನೆಗೆ ಬಂದು ಹೆಂಡತಿಗೆ ಹೆಮ್ಮೆಯಿಂದ ಆ ಪತ್ರ ಓದಿ ಹೇಳಿದೆ.

"ಬೇರೆ ರೂಮ್ ನೋಡ್ಕೊಳ್ಳೋಕೆ ಹೇಳ್ರೀ ಅಂತ ತಿಂಗಳಿಂದ ಬಡ್ಕೋತಿದೀನಿ. ನೀವು ಸೈನ್ ಮಾಡಿ ಕೊಟ್ರಾ?"

ಒಳಗಿನ ಕೋಣೆಯಿಂದ, ಹೊದಿಕೆಯ ಅಡಿಯಿಂದ ರಘುವಿನ ದನಿ ಬಂತು: "ಅಣ್ಣಾ, ಅದರದ್ದೊಂದು ಕಾಪಿ ನಂಗೂ ಕೊಡಿ."

ಜ್ವರ ಸಂಜೆಗೇ ಬಿಟ್ಟಿತು. ರಘು ಬಿಡುವ ಹಾಗೆ ಕಾಣುತ್ತಿಲ್ಲ.