ಬಾಯಮ್ಮನ ಶುಕ್ರವಾರದ ಕೋಳಿ

ಬಾಯಮ್ಮನ ಎರಡೂ ಮುಂಗೈಗಳ ಮೇಲೆ ಎಣ್ಣೆ ಸಿಡಿದ ಕಲೆಗಳಿದ್ದವು. ಸಾಸಿವೆ ಕಾಳಿನಷ್ಟು ಸಣ್ಣವು, ಹಳೆಯವು ಬೆಳ್ಳಗಾಗಿದ್ದವು. ಕೊಲ್ಲಿ ನಾಡಿನ ಅದ್ಲಿಯಾ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟಿನ ಎದುರು ಬಾಗಿಲು ಅವರದು. ಉಡುಪಿ ಕಡೆಯ ಕ್ರಿಶ್ಚಿಯನ್ ಹೆಂಗಸು, ನರ್ಸ್ ಮಗಳ ಜೊತೆ ಇದ್ದರು. ಮೊದಲು ಬಹಳ ವರ್ಷ ಅಮೆರಿಕದ ಒಂದು ಕುಟುಂಬದಲ್ಲಿ ಮಕ್ಕಳನ್ನು ನೋಡಿಕೊಂಡಿದ್ದರಂತೆ. ಕೋಳಿ ಕರಿಯುವುದನ್ನು ಕಲಿತದ್ದು ಅಲ್ಲೇ. "ಅವರೂ ನಮ್ಮ ಹಾಗೆ ಅವರ ದೇಶದ ದಕ್ಷಿಣದವರು ಮಾರಾಯ್ತಿ, ಅದಕ್ಕೇ ನಾಲಿಗೆ ಉಂಟು ಅವರಿಗೆ" ಎನ್ನುತ್ತಿದ್ದರು.

ಏಳನೇ ತಿಂಗಳಲ್ಲಿ ನನ್ನ ಮಗು ಹೊಟ್ಟೆಯಲ್ಲೇ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಸೋಫಾದ ಮೇಲೆ ಕೂತಿರುತ್ತಿದ್ದೆ. ಏಸಿ ಸದ್ದು ಮಾಡುತ್ತಿತ್ತು. ಅಳು ಬರಲಿಲ್ಲ, ಹಸಿವೂ ಆಗಲಿಲ್ಲ. ಗಂಡ ಸೀಫ್ ಬಡಾವಣೆಯ ಬ್ಯಾಂಕಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದರು. ದಾವಣಗೆರೆಯಿಂದ ಅಮ್ಮ ಫೋನಿನಲ್ಲಿ, "ಚಿಕ್ಕ ವಯಸ್ಸು, ಇನ್ನೊಂದು ಆಗುತ್ತೆ ಬಿಡೇ" ಅಂದರು. ಹ್ಞೂಂ ಅಂದೆ.

ಒಂದು ಶುಕ್ರವಾರ ಬಾಯಮ್ಮ ಬೆಲ್ ಒತ್ತಿದರು. "ಮಗಳಿಗೆ ಡ್ಯೂಟಿ. ಕೋಳಿಗೆ ಹಿಟ್ಟು ಹಚ್ಚಲಿಕ್ಕೆ ಜನ ಇಲ್ಲ. ಕೈ ಉಂಟಲ್ಲ ನಿನಗೆ, ಬಾ."

ಹೋದೆ. ಹೋಗದಿರಲು ಕಾರಣ ಹುಡುಕುವಷ್ಟು ಶಕ್ತಿಯೂ ಇರಲಿಲ್ಲ. ಹಿಂದಿನ ದಿನವೇ ಉಪ್ಪು, ಖಾರದಪುಡಿ ಬೆರೆಸಿದ ಲಬನ್‌ನಲ್ಲಿ ಕೋಳಿ ನೆನೆಸಿಟ್ಟಿದ್ದರು. ಊರಲ್ಲಾದರೆ ಮಜ್ಜಿಗೆ, ಇಲ್ಲಿ ಅಂಗಡಿಯ ಬಾಟಲಿಯ ಲಬನ್. ಅಗಲ ಪಾತ್ರೆಯಲ್ಲಿ ಮೈದಾ, ಕರಿಮೆಣಸಿನ ಪುಡಿ. ಅದರ ಮೇಲೆ ಎರಡು ಚಮಚ ಲಬನ್ ಚಿಮುಕಿಸಿ ಬೆರಳಲ್ಲಿ ಸಣ್ಣ ಸಣ್ಣ ಉಂಡೆಗಳಾಗುವಂತೆ ಕಲಸಿದರು. ಕೋಳಿಗೆ ಅಂಟಿದ ಆ ಉಂಡೆಗಳೇ ಆಮೇಲೆ ಗರಿಗರಿಯಾಗುತ್ತವೆ. "ಒತ್ತಿ ಹಚ್ಚು. ನಾಚಿಕೊಂಡರೆ ಹಿಟ್ಟು ಎಣ್ಣೆಯಲ್ಲೇ ಉಳಿಯುತ್ತದೆ."

ನಾನು ಒತ್ತಿ ಹಚ್ಚುತ್ತಿದ್ದೆ. ಅವರು ಒಲೆಯ ಕಡೆ ನೋಡುತ್ತಲೇ ಕೇಳಿದರು. "ಗಂಡಾ, ಹೆಣ್ಣಾ?"

"ಹೆಣ್ಣು."

"ಹೆಸರು ಇಟ್ಟಿದ್ರಾ?"

ಯಾರೂ ಅದನ್ನು ಕೇಳಿರಲಿಲ್ಲ. ನಾವಿಬ್ಬರೇ ಆರಿಸಿಟ್ಟುಕೊಂಡಿದ್ದ ಹೆಸರನ್ನು ಹೇಳಿದೆ. ಬಾಯಮ್ಮ ಅದನ್ನು ಒಮ್ಮೆ ನಿಧಾನವಾಗಿ ಹೇಳಿಕೊಂಡರು, ಸರಿಯಾಗಿ ಬಂತೋ ಇಲ್ಲವೋ ಎಂಬಂತೆ ಇನ್ನೊಮ್ಮೆ ಹೇಳಿದರು. "ಚಂದ ಉಂಟು" ಅಂದರು. "ಕಾಲಿನ ತುಂಡು ಮೊದಲು ಎಣ್ಣೆಗೆ ಬಿಡು. ಬೇಯಲಿಕ್ಕೆ ಹೊತ್ತು ಬೇಕು ಅದಕ್ಕೆ."

ಅವತ್ತೂ ನಾನು ಅಳಲಿಲ್ಲ. ನಿಂತುಕೊಂಡೇ ಒಂದು ತುಂಡು ತಿಂದೆ. ಬಿಸಿಯಿದೆ ಅಂತ ಗೊತ್ತಾಯಿತು, ರುಚಿ ಗೊತ್ತಾಗಲಿಲ್ಲ. ಅವರು ಹೇಗಾಗಿದೆ ಅಂತ ಕೇಳಲೂ ಇಲ್ಲ. ಗಂಡನಿಗೆಂದು ಎರಡು ಕಟ್ಟಿಕೊಟ್ಟು, "ಬರುವ ಶುಕ್ರವಾರವೂ ಹಿಟ್ಟು ನಿನ್ನದೇ" ಅಂದರು. ಮುಂದೆ ಪ್ರತಿ ಶುಕ್ರವಾರ ಹೋದೆ. ಎಷ್ಟೋ ವಾರಗಳ ನಂತರ ಒಂದು ದಿನ ಉಪ್ಪು ಹೆಚ್ಚಾಗಿದೆ ಎಂದೆ. ಬಾಯಮ್ಮ ತಿರುಗಿ ನನ್ನನ್ನೇ ನೋಡಿದರು. "ಹೌದಾ? ಹೆಚ್ಚಾಯ್ತಾ?" ಅಂತ ನಕ್ಕರು.

ಈ ಚಳಿಗಾಲ ಅವರು ನಿದ್ದೆಯಲ್ಲೇ ತೀರಿಕೊಂಡರು. ಮಗಳು ಬೆಳಿಗ್ಗೆ ಬಂದು ಹೇಳಿದಳು. ಚರ್ಚಿನಲ್ಲಿ ಪ್ರಾರ್ಥನೆಯಾಯಿತು, ದೇಹ ಊರಿಗೆ ಹೋಯಿತು. ನಾನು ಮತ್ತೆ ಮೊದಲಿನಂತೆ ಸೋಫಾದಲ್ಲಿ ಕೂತೆ.

ಶುಕ್ರವಾರ ಬಂದಾಗ ಕೋಳಿ ಮಾಡಿದೆ. ಗಂಡ ತಿನ್ನುತ್ತಿದ್ದರು. "ಬಾಯಮ್ಮನಿಗೆ ನಮ್ಮ ಮಗು ಹೆಸರು ಹೇಳಿದ್ದೆ" ಅಂದೆ. ಅವರ ಕೈ ನಿಂತಿತು. ನಮ್ಮ ಮನೆಯೊಳಗೆ ಆ ಹೆಸರನ್ನು ನಾವಿಬ್ಬರೂ ಮಗು ಹೋದ ಮೇಲೆ ಒಮ್ಮೆಯೂ ಎತ್ತಿರಲಿಲ್ಲ. ತುಂಡನ್ನು ತಟ್ಟೆಗಿಟ್ಟು, ಬೆರಳು ಒರೆಸಿಕೊಂಡು, ಅವರು ಆ ಹೆಸರನ್ನು ಹೇಳಿದರು.