ಒಂದು ತೋಟ, ಎರಡು ಲೆಕ್ಕದ ಪುಸ್ತಕ

ಮೊನ್ನೆ ಮನೆಗೆ ಸುಣ್ಣ ಹೊಡೆಯಲು ಬಂದವರು ನನ್ನ ಹಳೆಯ ಮರದ ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದರು. ಹಿಂದೆ ಬಿದ್ದಿದ್ದ ಕಾಗದದ ಕಟ್ಟೊಂದು ಕೈಗೆ ಬಂತು. ದಾರ ಬಿಚ್ಚಿದ್ದೇ ತಡ, ಒಣಗಿದ ಕಾಫಿ ಹಣ್ಣಿನ ವಾಸನೆ. ಗೋಣಿ, ಹೊಗೆ, ಸ್ವಲ್ಪ ಹುಳಿ, ಎಲ್ಲ ಸೇರಿದ್ದು. ತೆರಿಗೆಯ ಕಾಗದಕ್ಕೆ ವಾಸನೆ ಎಲ್ಲಿಂದ ಎಂದು ನೀವು ಕೇಳಬಹುದು. ನಮ್ಮ ಕಾಲದಲ್ಲಿ ಇತ್ತು. ಕಟ್ಟು ಬಿಚ್ಚುವ ಮೊದಲೇ ಇದು ಏಲಕ್ಕಿಯವರದ್ದು, ಇದು ಕಿತ್ತಳೆಯವರದ್ದು, ಇದು ಅಡುಗೆಮನೆಯ ಅಟ್ಟದಿಂದ ಇಳಿದು ಬಂದದ್ದು ಎಂದು ನಾನು ಹೇಳಬಲ್ಲವನಾಗಿದ್ದೆ. ಈ ಒಂದು ವಿದ್ಯೆಗೆ ಮಾತ್ರ ಯಾರೂ ನನಗೆ ಶುಲ್ಕ ಕೊಡಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಕಾಫಿ ತೋಟದ ಆದಾಯಕ್ಕೆ ತೆರಿಗೆಯ ಕಾನೂನು ಬದಲಾಗಿ, ಫಾರಂ ಬದಲಾಗಿ, ಕಚೇರಿಯ ಬೋರ್ಡು ಸಹ ಬದಲಾಗಿತ್ತು. ನಮ್ಮದು ದೇವಸ್ಥಾನದ ಪೂಜೆ ನೋಡಿಕೊಂಡು ಬಂದ ಮನೆ. ಗಂಟೆ ಹಿಡಿಯಬೇಕಾದ ಕೈಯಲ್ಲಿ ನಾನು ಪೆನ್ಸಿಲು ಹಿಡಿದೆ. ಮಡಿಕೇರಿಯ ಪೇಟೆ ಬೀದಿಯಲ್ಲಿ, ಒಬ್ಬ ದರ್ಜಿಯ ಅಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದು, ಒಂದು ಮೇಜು, ಮೂರು ಕುರ್ಚಿ, ಅಕ್ಷರ ಸಿಕ್ಕಿಕೊಳ್ಳುವ ಒಂದು ಟೈಪ್‌ರೈಟರು ಇಟ್ಟುಕೊಂಡು ಕುಳಿತೆ. ನಾನು ವಕೀಲನಲ್ಲ, ಆಡಿಟರೂ ಅಲ್ಲ. ತೋಟದವರ ಲೆಕ್ಕ ಬರೆದು, ರಿಟರ್ನ್ ತುಂಬಿಸಿ, ಅವರ ಸಹಿ ಹಾಕಿಸಿ ಕಚೇರಿಗೆ ಮುಟ್ಟಿಸುವವನು. ಜನ ಅದಕ್ಕೊಂದು ಹೆಸರು ಕೊಟ್ಟರು: ಟ್ಯಾಕ್ಸ್ ಭಟ್ಟರು.

ಕಕ್ಷಿಗಾರರಲ್ಲಿ ಎಷ್ಟು ಬಗೆ ಎನ್ನುತ್ತೀರಿ. ಕುಟ್ಟದ ಕಡೆಯ ಒಬ್ಬರಿಗೆ ನಾನು ಸರ್ಕಾರದ ಮನುಷ್ಯನೆಂದೇ ಗುಮಾನಿ. ಎಷ್ಟು ಎಕರೆ ಎಂದು ಕೇಳಿದರೂ ಕಿಟಕಿಯಿಂದ ಆಚೆ ನೋಡುತ್ತಿದ್ದರು. ಶನಿವಾರಸಂತೆಯಿಂದ ಬರುತ್ತಿದ್ದ ಇನ್ನೊಬ್ಬರು ಕೊನೆಯ ದಿನ, ಕಚೇರಿ ಮುಚ್ಚಲು ಒಂದು ಗಂಟೆ ಇರುವಾಗ, ಒಂದು ಚೀಲ ಚೀಟಿಗಳನ್ನು ನನ್ನ ಮೇಜಿನ ಮೇಲೆ ಸುರಿದು, "ಇದ್ರಲ್ಲೇ ಎಲ್ಲಾ ಐತೆ, ನೋಡ್ಕಳಿ" ಎಂದು ಕಾಫಿ ಕುಡಿಯಲು ಹೋಗುತ್ತಿದ್ದರು. ಎಲ್ಲ ಇತ್ತು ನಿಜ. ಮಗಳ ಜಾತಕವೂ ಇತ್ತು.

ಆದರೆ ನನಗೆ ಹೇಳಬೇಕಾಗಿರುವುದು ಬೀರುವಿನ ಹಿಂದೆ ಸಿಕ್ಕ ಕಟ್ಟಿನವರ, ಎಂದರೆ ದೇವಕ್ಕ ಮತ್ತು ಅವರ ತಮ್ಮ ಕುಶಾಲಪ್ಪನವರ ವಿಷಯ. ಹೆಸರು ಬದಲಿಸಿದ್ದೇನೆ. ಹಳೆಯ ವೃತ್ತಿಯ ಅಭ್ಯಾಸ.

ಭಾಗಮಂಡಲದ ದಾರಿಯಲ್ಲಿ, ಬಸ್ಸಿಳಿದು ಒಂದೂವರೆ ಮೈಲಿ ನಡೆದರೆ ಅವರ ತೋಟ. ಮನೆಮಾತು ಅರೆಭಾಷೆ. ತಂದೆ ಸಾಯುವಾಗ ತೋಟವನ್ನು ಮಗಳು ಮಗ ಇಬ್ಬರ ಹೆಸರಿಗೂ ಒಟ್ಟಾಗಿ ಬರೆದಿಟ್ಟಿದ್ದರು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡ ದೇವಕ್ಕ ತವರಿಗೆ ಬಂದು, ಕುಶಾಲಪ್ಪನವರು ಸೈನ್ಯದಲ್ಲಿದ್ದಷ್ಟು ಕಾಲವೂ ತೋಟವನ್ನು ತಾವೇ ನಡೆಸಿದ್ದರು. ಜೊತೆಗಿದ್ದವರು ತಂದೆಯ ಕಾಲದ ಒಬ್ಬ ರೈಟರು, ಎಂದರೆ ತೋಟದ ಆಳು ಲೆಕ್ಕ ಬರೆಯುವವರು. ಕುಶಾಲಪ್ಪನವರು ಸುಬೇದಾರರಾಗಿ ನಿವೃತ್ತರಾಗಿ ಬಂದ ತಿಂಗಳೇ ಲೆಕ್ಕದ ಪುಸ್ತಕ ತೆಗೆಸಿ ನೋಡಿದರು. ಒಂದು ಕಡೆ ಕೂಡಿದ್ದು ತಪ್ಪಿತ್ತು. ರೈಟರು ಒಪ್ಪಿಕೊಂಡರು. ಸುಬೇದಾರರು ಅಕ್ಕನನ್ನು ಒಂದು ಮಾತು ಕೇಳದೆ ರೈಟರನ್ನು ಕೆಲಸದಿಂದ ಬಿಡಿಸಿಬಿಟ್ಟರು.

ಆ ಪುಸ್ತಕದ ಪ್ರತಿ ಸಾಲೂ ದೇವಕ್ಕ ಹೇಳಿ ಬರೆಸಿದ್ದು. ರೈಟರನ್ನು ಕಳಿಸಿದ್ದೆಂದರೆ ತನ್ನ ಲೆಕ್ಕ ಸುಳ್ಳು ಎಂದ ಹಾಗೆ, ಎಂದುಕೊಂಡರು. ಅಂದಿನಿಂದ ಮಾತು ನಿಂತಿತು. ಒಂದೇ ಮನೆ, ಒಂದೇ ಒಲೆ. ಅಕ್ಕ ಬಡಿಸಿ ಒಳಗೆ ಹೋಗುವರು, ತಮ್ಮ ಬಂದು ಉಂಡು ಎದ್ದು ಹೋಗುವರು. ಮೂರು ವರ್ಷ ಹೀಗೆ.

ನನ್ನ ಕಷ್ಟ ಕೇಳಿ. ಒಂದು ತೋಟಕ್ಕೆ ಎರಡು ಲೆಕ್ಕದ ಪುಸ್ತಕ. ಸುಬೇದಾರರದ್ದು ಇಂಗ್ಲಿಷಿನಲ್ಲಿ, ಗೆರೆ ಎಳೆದು, ಪ್ರತಿ ಖರ್ಚಿಗೂ ನಂಬರು ಹಾಕಿ ರಶೀದಿ ಅಂಟಿಸಿದ್ದು. ದೇವಕ್ಕನದ್ದು ಶಾಲೆಯ ಮಕ್ಕಳ ನೋಟ್‌ಬುಕ್ಕು, ಪೆನ್ಸಿಲಿನಲ್ಲಿ. ಇಬ್ಬರೂ ಒಪ್ಪಿ ಸಹಿ ಹಾಕುವ ಒಂದು ರಿಟರ್ನ್ ನಾನು ಮಾಡಬೇಕು. ದೇವಕ್ಕ ಬರುವುದು ಶುಕ್ರವಾರ, ಸಂತೆಯ ದಿನ. ಸುಬೇದಾರರು ಸೋಮವಾರ, ಹತ್ತು ಗಂಟೆಗೆ ಸರಿಯಾಗಿ. ಇಬ್ಬರೂ ಕುರ್ಚಿಯಲ್ಲಿ ಕುಳಿತು ಕೇಳುವ ಮೊದಲ ಪ್ರಶ್ನೆ ಒಂದೇ.

"ಆಚೆಯವು ಎಂತ ಬರ್ದುಟ್ಟು, ಭಟ್ಟ್ರೆ?"

ಆ ಕಡೆಯವರು ಏನು ಬರೆದಿದ್ದಾರೆ ಎಂದು ಈ ಕಡೆಯವರಿಗೆ ಹೇಳುವಂತಿಲ್ಲ ಎಂದು ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಆಗ ನನಗೆ ಇಪ್ಪತ್ತೊಂಬತ್ತು ವಯಸ್ಸು. ಗಂಭೀರವಾಗಿ ತಲೆಯಾಡಿಸುವುದೇ ನನ್ನ ಬಂಡವಾಳದ ಮುಕ್ಕಾಲು ಪಾಲು.

ದೇವಕ್ಕನ ಪುಸ್ತಕ ಓದುವಾಗ ಮಾತ್ರ ನನಗೆ ಗಾಂಭೀರ್ಯ ಉಳಿಯುತ್ತಿರಲಿಲ್ಲ. ಆ ಮನೆಯಲ್ಲಿ ಅವರಿಗೆ ಮಾತಾಡಲು ಇದ್ದದ್ದು ಅದೊಂದೇ ಎಂದು ಕಾಣುತ್ತದೆ. ಆಳಿನ ಲೆಕ್ಕದ ನಡುವೆ ಏನೇನೋ ಬರೆದಿರುತ್ತಿತ್ತು. 'ಹದಿನಾರು ಆಳು ಹಣ್ಣು ಕೊಯ್ದದ್ದು. ಮೇಲಿನ ತೋಟಕ್ಕೆ ಆನೆ ಬಂದು ಬಾಳೆ ಹೋಯಿತು. ತಮ್ಮನ ಬೂಟು ಒಣಗಲಿಲ್ಲ, ಒಲೆಯ ಹತ್ತಿರ ಇಟ್ಟೆ.' ಇಂಥದ್ದು ಬಂದಲ್ಲಿ ನಾನು ಪೆನ್ಸಿಲಿನಿಂದ ಸಣ್ಣದೊಂದು ಅಡ್ಡಗೆರೆ ಹಾಕಿ ಮುಂದಕ್ಕೆ ಹೋಗುತ್ತಿದ್ದೆ. ತೋಟದ ಖರ್ಚಲ್ಲ ಎಂದು ಅದರ ಅರ್ಥ.

ನಾಲ್ಕನೆಯ ವರ್ಷ ನಾನು ತಪ್ಪು ಮಾಡಿದೆ. ಸುಬೇದಾರರು ಗೊಬ್ಬರಕ್ಕೆ ದುಡ್ಡು ಕಟ್ಟಿದ ದಿನ ತಮ್ಮ ಪುಸ್ತಕದಲ್ಲಿ ನಲವತ್ತು ಚೀಲ ಎಂದು ಬರೆದಿದ್ದರು. ಎರಡು ವಾರದ ಮೇಲೆ ಅದೇ ಗೊಬ್ಬರ ಗಾಡಿಯಲ್ಲಿ ಬಂದಿಳಿದಾಗ ದೇವಕ್ಕ ತಮ್ಮ ನೋಟ್‌ಬುಕ್ಕಿನಲ್ಲಿ ನಾಲ್ಕು ಗಾಡಿ ಎಂದು, ಬೆಲೆಯ ಸಮೇತ ಬರೆದಿದ್ದರು. ನಾನು ಅದನ್ನು ಎರಡು ಗೊಬ್ಬರ ಎಂದು ತಿಳಿದು ಎರಡನ್ನೂ ಖರ್ಚಿಗೆ ಹಾಕಿದೆ. ಇಬ್ಬರೂ ನನ್ನನ್ನು ನಂಬಿ ಸಹಿ ಹಾಕಿದರು. ಮೂರು ತಿಂಗಳಿಗೆ ಕಚೇರಿಯಿಂದ ನೋಟೀಸು ಬಂತು: ಖರ್ಚು ಹೆಚ್ಚಿಸಿ ಆದಾಯ ಮರೆಮಾಚಿದಂತೆ ಕಾಣುತ್ತದೆ, ಇಬ್ಬರೂ ಮಾಲೀಕರು ಎಲ್ಲ ಪುಸ್ತಕಗಳೊಡನೆ ಹಾಜರಾಗಬೇಕು.

ನೋಟೀಸು ಓದಿದ ಮೇಲೆ ನಾನು ಎರಡೂ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಐದು ನಿಮಿಷ ಸಾಕಾಯಿತು. ಆ ಐದು ನಿಮಿಷವನ್ನು ಮೂರು ತಿಂಗಳ ಹಿಂದೆಯೇ ಖರ್ಚು ಮಾಡಬಹುದಿತ್ತು. ಕೆಳಗೆ ದರ್ಜಿಯ ಮಿಷನ್ನು ಓಡುತ್ತಲೇ ಇತ್ತು. ಕೋಣೆಯ ಬೀಗದಕೈ ಮಾಲೀಕರಿಗೆ ಕೊಟ್ಟು ಎಲ್ಲಾದರೂ ಗುಮಾಸ್ತೆ ಕೆಲಸಕ್ಕೆ ಸೇರಿಕೊಳ್ಳೋಣ ಎಂದು ನಿಜವಾಗಿಯೂ ಅನ್ನಿಸಿತು. ಸಣ್ಣ ಊರು. ತಪ್ಪು ಲೆಕ್ಕ ಬರೆದ ಟ್ಯಾಕ್ಸ್ ಭಟ್ಟರ ಮೆಟ್ಟಿಲು ಆಮೇಲೆ ಯಾರು ಹತ್ತುತ್ತಾರೆ?

ಮಾರನೆಯ ದಿನ ಬಸ್ಸು ಹತ್ತಿ ಅವರ ಮನೆಗೇ ಹೋದೆ. ಸುಬೇದಾರರು ಜಗುಲಿಯಲ್ಲಿ ನೆಟ್ಟಗೆ ಕುಳಿತಿದ್ದರು. ದೇವಕ್ಕ ನನ್ನ ಧ್ವನಿ ಕೇಳಿ ಒಳಬಾಗಿಲಿಗೆ ಬಂದು ನಿಂತರು. ನಾನು ನಡುವೆ ನಿಂತು, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗುತ್ತಾ, ಆದದ್ದನ್ನು ಹೇಳಿದೆ.

"ತಪ್ಪು ಯಾರದ್ದು?" ಎಂದರು ಸುಬೇದಾರರು.

"ನನ್ನದು. ಪೂರ್ತಿ ನನ್ನದೇ."

ಸುಬೇದಾರರು ನನ್ನ ಕಡೆ ತಿರುಗಿದರು. "ಆಗಲಿ. ನೀವಾಗಿ ಬಂದು ಒಪ್ಪಿಕೊಂಡಿರಿ. ಒಪ್ಪಿಕೊಂಡವನ ಮೇಲೆ ನಾವು ಸೈನ್ಯದಲ್ಲಿ ಕೈ ಎತ್ತುತ್ತಿರಲಿಲ್ಲ."

ಬಾಗಿಲಿನಿಂದ ದೇವಕ್ಕನ ಮಾತು ಬಂತು. ಧ್ವನಿ ಏರಿರಲಿಲ್ಲ. "ಭಟ್ಟ್ರೆ, ಅವಂಗೊಂದು ಮಾತು ಹೇಳಿ. ರೈಟರೂ ಒಪ್ಪಿಕೊಂಡಿದ್ದ."

ನಾನು ಯಾರಿಗೂ ಏನನ್ನೂ ಹೇಳಬೇಕಾಗಲಿಲ್ಲ. ಸುಬೇದಾರರ ಕಿವಿ ಕೆಂಪಾಯಿತು. ಅವರು ಎದ್ದು ಅಂಗಳಕ್ಕಿಳಿದು ಕಣದ ಕಡೆಗೆ ನಡೆದರು. ದೇವಕ್ಕ ನನಗೆ ಅಕ್ಕಿರೊಟ್ಟಿ ಹಾಕಿಕೊಟ್ಟು, "ತಿನ್ನಿ, ಬಸ್ಸಿಗೆ ಇನ್ನೂ ಹೊತ್ತುಟ್ಟು" ಎಂದರು. ಅಷ್ಟು ಒಳ್ಳೆಯ ರೊಟ್ಟಿಯನ್ನು ಅಷ್ಟು ಕಷ್ಟಪಟ್ಟು ನಾನು ಬೇರೆಂದೂ ನುಂಗಿಲ್ಲ.

ವಿಚಾರಣೆಯ ದಿನ ಇಬ್ಬರೂ ಬಂದರು. ಅಧಿಕಾರಿ ಮೈಸೂರು ಕಡೆಯ ಯುವಕ, ಮರ್ಯಾದಸ್ಥ, ಆದರೆ ಬಿಗಿ. ನಾನು ತಪ್ಪು ನನ್ನದೆಂದು ಹೇಳಿದೆ. ಅವರು ತಲೆಯಾಡಿಸಿ, "ಅದನ್ನು ಪುಸ್ತಕವೇ ಹೇಳಲಿ" ಎಂದು ದೇವಕ್ಕನ ನೋಟ್‌ಬುಕ್ಕನ್ನು ಮುಂದಕ್ಕೆಳೆದುಕೊಂಡರು. ಪೆನ್ಸಿಲಿನ ಬರಹ ಮಾಸಿತ್ತು. "ಗೊಬ್ಬರ ಬಂದ ತಿಂಗಳಿನದ್ದನ್ನು ನೀವೇ ಓದಿ, ನಾನು ನೋಡುತ್ತಾ ಹೋಗುತ್ತೇನೆ."

ನಾನು ಓದಿದೆ. ಆಳು, ಗಾಡಿ, ಗೊಬ್ಬರ. ನಡುವೆ ಒಂದು ಸಾಲು ಬಂತು. ನನ್ನದೇ ಅಡ್ಡಗೆರೆ ಪಕ್ಕದಲ್ಲಿತ್ತು. ಹಾರಿಸಿ ಮುಂದಿನದಕ್ಕೆ ಹೋದೆ.

ಅಧಿಕಾರಿಯ ಬೆರಳು ನಿಂತಿತು. "ಒಂದು ಸಾಲು ಬಿಟ್ಟಿರಿ."

"ಅದು ಮನೆಯ ವಿಷಯ ಸಾರ್, ಲೆಕ್ಕವಲ್ಲ."

"ಲೆಕ್ಕವೋ ಅಲ್ಲವೋ ನಾನು ತೀರ್ಮಾನಿಸುತ್ತೇನೆ. ಓದಿ."

ದೇವಕ್ಕನ ಮುಖ ನೋಡಿದೆ. ಅವರು ಸೆರಗು ಹೊದ್ದು ನೆಲ ನೋಡುತ್ತಿದ್ದರು. ಬೇರೆ ದಾರಿಯಿರಲಿಲ್ಲ. ಓದಿದೆ: 'ತಮ್ಮ ಬೆಳಿಗ್ಗೆ ಬಸ್ಸಿಗೆ ಹೋದವನು ಸಂಜೆ ಬಂದ. ಉಣ್ಣಲಿಲ್ಲ. ಜ್ವರ ಇರಬೇಕು. ಕಷಾಯ ಮಾಡಿ ಬಾಗಿಲ ಹತ್ತಿರ ಇಟ್ಟೆ. ಕುಡಿದ.'

ಮುಂದಿನ ಸಾಲು ಓದಲು ನಾನು ಬಾಯಿ ತೆರೆದಾಗ ಸುಬೇದಾರರು ಹೇಳಿದರು, ನನಗಲ್ಲ, ಅಧಿಕಾರಿಗೂ ಅಲ್ಲ.

"ಜ್ವರ ಅಲ್ಲ, ಅಕ್ಕ. ಆ ದಿನ ನಾ ರೈಟರನ ಮನೆಗೆ ಹೋಗಿದ್ದೆ."

ದೇವಕ್ಕ ತಲೆಯೆತ್ತಲಿಲ್ಲ. "ಎಂತಕ್ಕೆ?"

"ವಾಪಸ್ ಬಾ ಅಂತ ಕೇಳಿಕೆ. ಬರುದಿಲ್ಲೆ ಅಂದ. ಕಣ್ಣು ಮಂಜಾಗ್ಯುಟ್ಟು, ಮಗಳ ಮನೆಗೆ ಹೋಗ್ತೇನೆ ಅಂದ. ನನ್ನ ಮೇಲೆ ಸಿಟ್ಟೂ ಇರ್ಲಿಲ್ಲೆ ಅವಂಗೆ."

"ನಂಗೆ ಹೇಳಿಕೆ ಆಗ್ತಿರ್ಲಿಲ್ಲೆಯಾ?"

"ನೀ ಕೇಳಿಲ್ಲೆ."

ಅಧಿಕಾರಿ ತಮ್ಮ ಬೆರಳನ್ನು ಆ ಸಾಲಿನ ಮೇಲೆಯೇ ಇಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಆಮೇಲೆ ಸುಬೇದಾರರ ಪುಸ್ತಕದ ರಶೀದಿಯನ್ನೂ ನೋಡಿ, ಗೊಬ್ಬರ ಒಂದೇ ಎಂಬುದು ಎರಡೂ ಪುಸ್ತಕದಿಂದ ಸ್ಪಷ್ಟವಾಗಿದೆ, ಬೇಕೆಂದು ಮಾಡಿದ್ದಲ್ಲ, ತಿದ್ದಿದ ರಿಟರ್ನ್ ಕೊಡಿ, ದಂಡವಿಲ್ಲ ಎಂದರು. ನಾನು ಕೈಮುಗಿದೆ.

ಹೊರಗೆ ಬಂದಾಗ ಸಿನಿಮಾದಲ್ಲಿ ಆಗುವಂಥದ್ದೇನೂ ಆಗಲಿಲ್ಲ. ಸುಬೇದಾರರು ಎರಡೂ ಪುಸ್ತಕಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದೆ ನಡೆದರು. ದೇವಕ್ಕ ಹತ್ತು ಹೆಜ್ಜೆ ಹಿಂದೆ. ಇಳಿಜಾರಿನಲ್ಲಿ ತಮ್ಮ ನಿಂತರು, ಅಕ್ಕ ಬಂದು ಸೇರಿಕೊಂಡರು. ಬಸ್‌ಸ್ಟ್ಯಾಂಡಿನವರೆಗೂ ಒಂದೇ ಸಾಲಿನಲ್ಲಿ ಹೋದರು. ಏನಾದರೂ ಮಾತಾಡಿದರೋ ಇಲ್ಲವೋ, ನಾನಿದ್ದ ದೂರಕ್ಕೆ ಕೇಳಿಸಲಿಲ್ಲ.

ಮುಂದಿನ ಶುಕ್ರವಾರ ದೇವಕ್ಕ ಒಬ್ಬರೇ ಬಂದರು. ಬೇರೆಯವರ ಹತ್ತಿರ ಹೋಗುವುದಾದರೆ ಕಾಗದಗಳನ್ನೆಲ್ಲ ಕೊಟ್ಟುಬಿಡುತ್ತೇನೆ ಎಂದು ನಾನೇ ಮೊದಲು ಹೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಒಬ್ಬ ರೈಟರನ್ನ ಕಳ್ಕೊಂಡದ್ದು ಸಾಕು, ಭಟ್ಟ್ರೆ. ಇನ್ನು ಸರಿಯಾಗಿ ನೋಡಿ ಬರೀರಿ."

ಮರುವರ್ಷ ಬಂದದ್ದು ಒಂದೇ ಪುಸ್ತಕ. ಗೆರೆ ಎಳೆದದ್ದು ಸುಬೇದಾರರು, ಬರೆದದ್ದು ದೇವಕ್ಕ. ರಶೀದಿಗೆ ನಂಬರು ಇತ್ತು, ಆನೆ ಬಂದದ್ದೂ ಇತ್ತು. ಕೆಲಸ ಅರ್ಧಕ್ಕೆ ಇಳಿದದ್ದರಿಂದ ಶುಲ್ಕವನ್ನೂ ಇಳಿಸಿ ಎಂದು ಸುಬೇದಾರರು ವಾದಿಸಿದರು, ಇಳಿಸಿದೆ. ಅಂಥ ಸಾಲುಗಳ ಪಕ್ಕದಲ್ಲಿ ಅಡ್ಡಗೆರೆ ಹಾಕುವುದನ್ನು ನಾನು ಬಿಟ್ಟೆ. ಹಾರಿಸಿ ಓದುವುದನ್ನೂ ಬಿಟ್ಟೆ.

ಇಷ್ಟನ್ನು ಬರೆದು ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಸಾವಿತ್ರಿಗೆ ಓದಿ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದಳು. ಕೋಣೆಯ ಬೀಗದಕೈ ಕೊಟ್ಟು ಗುಮಾಸ್ತೆ ಕೆಲಸ ಹುಡುಕೋಣ ಅನ್ನಿಸಿತ್ತು ಎಂಬಲ್ಲಿಗೆ ಬಂದಾಗ ಅವಳ ಕೈ ನಿಂತಿತು. ಪೂರ್ತಿ ಮುಗಿದ ಮೇಲೆ ಹೇಳಿದಳು:

"ಆ ನೋಟೀಸಿನ ವಿಷಯ ನೀವು ಮನೆಯಲ್ಲಿ ಹೇಳಲೇ ಇಲ್ಲ."

"ನಿನಗೆ ಸುಮ್ಮನೆ ಯೋಚನೆ ಯಾಕೆ ಅಂತ."

"ಆ ವಾರ ಒಂದು ದಿನ ಸಾರಿಗೆ ಉಪ್ಪು ಹಾಕಲು ಮರೆತಿದ್ದೆ. ನೀವು ಏನೂ ಅನ್ನದೆ ಉಂಡು ಎದ್ದಿರಿ. ಏನೋ ಆಗಿದೆ ಅಂತ ನನಗೆ ಆಗಲೇ ಗೊತ್ತಾಯಿತು."

"ಮತ್ತೆ ಕೇಳಬಾರದಿತ್ತೇ?"

"ನೀವಾಗಿ ಹೇಳುತ್ತೀರಿ ಅಂತ ಕಾದೆ." ಅವಳು ಮತ್ತೆ ಸೊಪ್ಪಿಗೆ ಕೈಹಾಕಿದಳು. "ಮೂವತ್ತು ವರ್ಷದ ಮೇಲಾಯಿತು."

ನಾನು ಕಾಗದ ಮಡಿಸಿಟ್ಟು, ಅವಳ ಎದುರು ನೆಲದ ಮೇಲೆ ಕುಳಿತು, ಸೊಪ್ಪಿನ ಅರ್ಧ ಕಟ್ಟನ್ನು ನನ್ನ ಕಡೆಗೆ ಎಳೆದುಕೊಂಡೆ. ಬರೆಯದೆ ಬಿಟ್ಟದ್ದು ಇನ್ನೂ ಬೇಕಾದಷ್ಟಿತ್ತು. ಒಂದೊಂದಾಗಿ ಹೇಳತೊಡಗಿದೆ. ಈ ಸಲ ಅವಳು ನಡುನಡುವೆ ಕೇಳುತ್ತಾ ಹೋದಳು.