ಎದೆಮಟ್ಟಕ್ಕೆ ಸವರಿದ ನುಗ್ಗೆ

“ಮನೆ ಬಿಡಿಸಿದ ಸಿಟ್ಟಿಗೆ ನುಗ್ಗೆಮರ ಕಡಿದು ಹೋದಳು” — ದೊಡ್ಡನೆಕ್ಕುಂದಿಯ ನಮ್ಮ ವಠಾರದಲ್ಲಿ, ಪಕ್ಕದ ಕೋಣೆಯಲ್ಲಿದ್ದ ಅಕ್ಕನ ಬಗ್ಗೆ ಇಂದಿಗೂ ಹೇಳುವ ಮಾತಿದು. ಮೊನ್ನೆ ಯಾರದೋ ಅಡುಗೆಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಗೆ ಬಿದ್ದ ನುಗ್ಗೆಸೊಪ್ಪಿನ ಘಮ ಬಂದಾಗ ಆಕೆ ನೆನಪಾದರು. ನಾನು ಆ ಮಾತನ್ನು ಒಪ್ಪುವುದಿಲ್ಲ. ಅದರಲ್ಲಿ ಹಿಂದಿನದು ಮುಂದಾಗಿದೆ, ಮುಂದಿನದು ಹಿಂದಾಗಿದೆ.

ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಆಕೆಯನ್ನು ವಠಾರವೆಲ್ಲ ಅಕ್ಕ ಎನ್ನುತ್ತಿತ್ತು. ಬಚ್ಚಲ ನೀರು ಹರಿಯುವ ಮೂಲೆಯಲ್ಲಿ ಆಕೆ ತೋಳುದ್ದದ ನುಗ್ಗೆ ಕೊಂಬೆಯೊಂದನ್ನು ನೆಟ್ಟರು. ವರ್ಷ ತುಂಬುವುದರೊಳಗೆ ಅದು ತಗಡಿನ ಸೂರನ್ನು ಮೀರಿ ಬೆಳೆದು, ಎಲ್ಲರ ಸಾರಿಗೂ ಕಾಯಿ ಕೊಟ್ಟಿತು. ಪ್ರತಿ ವರ್ಷ ಕಾಯಿ ಮುಗಿದೊಡನೆ ಅಕ್ಕ ಮರವನ್ನು ಎದೆಮಟ್ಟಕ್ಕೆ ಸವರಿ, ಕಡಿದ ತುದಿ ಒಣಗದಂತೆ ಸಗಣಿ ಮೆತ್ತುತ್ತಿದ್ದರು. ಹಾಗೆ ಮಾಡಿದರೆ ಹೊಸ ಕೊಂಬೆಗಳು ಕೈಗೆಟುಕುವಂತೆ ಒಡೆಯುತ್ತವೆ.

ಮನೆ ಬಿಡಿಸಿದ ವರ್ಷ ಅಕ್ಕನ ಮಗಳು ಹೆರಿಗೆಗೆ ಬಂದಿದ್ದಳು. ಬಾಣಂತಿಗೆ ಎಳೆಯ ಸೊಪ್ಪು ಸಿಗಲೆಂದು ಅಕ್ಕ ತುಸು ಬೇಗನೆ ಸವರಿದರು. ವಠಾರವನ್ನು ಆಗಷ್ಟೇ ನೋಡಿಕೊಳ್ಳತೊಡಗಿದ್ದ ಮಾಲೀಕರ ಮಗನಿಗೆ ಕಂಡದ್ದು ಬೋಳು ಕಾಂಡ ಮಾತ್ರ.

“ಬಾಡಿಗೆಗಿದ್ಕೊಂಡು ಮರ ಕಡೀತೀರಾ? ಭಾನುವಾರದೊಳಗೆ ಖಾಲಿ ಮಾಡಿ.”

“ಕಡದಿಲ್ರೀ ಅಣ್ಣಾರ, ಸವರೀನಿ. ಹದಿನೈದ ದಿನ ತಡೀರಿ, ಚಿಗಿತದ. ಕೂಸು ಹುಟ್ಟಿ ಇನ್ನಾ ವಾರ ಆಗಿಲ್ರಿ.”

ಅಕ್ಕ ಹೇಳುವುದು ನಿಜವೆಂದು ನಾನೂ ಹೇಳಿದೆ. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಅವನು ನಕ್ಕ. “ಪುಸ್ತಕ ಓದಿ ನನಗೆ ಬೇಸಾಯ ಹೇಳ್ಕೊಡ್ತೀರಾ ತಾತ? ನಮ್ದು ರೈತರ ಮನೆ.”

ನಾನೂ ಬಾಡಿಗೆಯವನೇ. ಒಳಗೆ ಹೋದೆ.

ಭಾನುವಾರ ಟೆಂಪೋ ಬಂತು. ಮಗಳು ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು ಮುಂದಿನ ಸೀಟಿನಲ್ಲಿ ಕುಳಿತಳು. ಅಕ್ಕ ಹಿಂದಿರುಗಿ ಬಂದು, ಬಿರುಕು ಬಿಟ್ಟಿದ್ದ ಸಗಣಿಯ ಮೇಲೆ ಇನ್ನಷ್ಟು ಮೆತ್ತಿ, ಕೈ ತೊಳೆದುಕೊಂಡು ಹೋದರು. ಮಹದೇವಪುರದ ಕಡೆ ಇದ್ದಾರೆಂದು ಯಾರೋ ಅಂದರು. ಎರಡು ಬಾರಿ ಹೋಗಿ ಹುಡುಕಿದೆ, ಸಿಗಲಿಲ್ಲ.

ಅವರು ಹೋದ ಹತ್ತನೆಯ ದಿನಕ್ಕೆ ಮರ ಚಿಗುರಿತ್ತು. ಹೇಳಬೇಕಾದವರಿಗೆ ಅದನ್ನು ಹೇಳಲಾಗಲಿಲ್ಲ... ಅದೃಷ್ಟಕ್ಕೆ ಉಳಿಯಿತು ಎಂದರು ವಠಾರದವರು.

ಸಿಟ್ಟಿಗೆ ಕಡಿಯುವವರು ಬುಡಕ್ಕೇ ಕಡಿಯುತ್ತಾರೆ. ಕಡಿದ ಮೇಲೆ ಸಗಣಿ ಮೆತ್ತುವುದಿಲ್ಲ. ಈಗ ಅದರ ಕಾಯಿ ಕೀಳುವವರು ಮಾಲೀಕರ ಮನೆಯವರು. ನನ್ನ ಮಾತು ನಂಬದವರು ಹಿತ್ತಲಿಗೆ ಬಂದು ಕಾಂಡವನ್ನು ನೋಡಬಹುದು: ಎದೆಮಟ್ಟದಲ್ಲಿ ಹಳೆಯ ಕಡಿತದ ಗುರುತು, ಅದರ ಸುತ್ತ ತೋಳು ದಪ್ಪದ ಐದು ಕೊಂಬೆಗಳು.